ಬೋರು ಬತ್ತಿಲ್ಲ, ಪೈಪು ತೂತಾಗಿದೆ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಕಡೆ ನೀರು ಕಮ್ಮಿಯಾದರೆ ಮೊದಲು ಬಾಯಿಗೆ ಬರುವ ಮಾತು ‘ಬೋರು ಬತ್ತಿತು’ ಅಂತಲೇ. ನಮ್ಮ ದಾಳಿಂಬೆ ತೋಟದ ಹಳೇ ಬೋರಿಗೂ ಅದೇ ತೀರ್ಪು ಬಿತ್ತು. ಹೊಸದಕ್ಕೆ ಪಾಯಿಂಟ್ ಮಾಡಿಸುವ ಮಾತೂ ಶುರುವಾಗಿತ್ತು.

ತಡೆದವರು ಮೋಟರ್ ಮೇಸ್ತ್ರಿ. “ತಡ್ಯಣ್ಣ, ಮುಳ್ಳು ನೋಡು. ನೀರು ಇಲ್ದೇ ಹೋಗಿದ್ರೆ ಆಂಪ್ಸು ಬೀಳ್ಬೇಕಿತ್ತು. ಬಿದ್ದಿಲ್ಲ” ಅಂದರು. ಬೋರು ಬತ್ತಿ ಪಂಪು ಗಾಳಿ ಎಳೆಯತೊಡಗಿದರೆ ಮೋಟರಿನ ಹೊರೆ ತಗ್ಗಿ ಆಂಪಿಯರ್ ಇಳಿಯುತ್ತದೆ, ನೀರು ಬಿಟ್ಟುಬಿಟ್ಟು ಉಗುಳುತ್ತದೆ. ನಮ್ಮದು ಸಣ್ಣಗೆ, ಆದರೆ ಒಂದೇ ಸಮ ಬರುತ್ತಿತ್ತು.

ಆಫ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಆನ್ ಮಾಡಿದೆವು. ಕೆಳಗಿನ ವಾಲ್ವ್ ಸರಿಯಿದ್ದರೆ ಪೈಪಿನಲ್ಲಿ ನೀರು ತುಂಬಿಯೇ ನಿಂತಿರುತ್ತದೆ, ಸ್ವಿಚ್ ಒತ್ತಿದ ಕೂಡಲೇ ಬರಬೇಕು. ಬರಲಿಲ್ಲ. ವಾಲ್ವ್ ಮಾತ್ರ ಕೆಟ್ಟಿದ್ದರೆ ನೀರು ತಡವಾಗುತ್ತದೆ, ಬಂದಮೇಲೆ ಪೂರ್ತಿ ಬರುತ್ತದೆ. ಪಂಪು ಮಾತ್ರ ಸವೆದಿದ್ದರೆ ಕಮ್ಮಿಯಾಗುತ್ತದೆ, ತಡವಾಗುವುದಿಲ್ಲ. ತಡವೂ ಆಗಿ ಕಮ್ಮಿಯೂ ಬಂದರೆ ಪೈಪಿನ ಮೇಲೆ ಅನುಮಾನ ಪಡಬೇಕು. ಎರಡಿಂಚಿನ 20 ಅಡಿ ಪೈಪು ಸುಮಾರು 13 ಲೀಟರ್ ಹಿಡಿಯುತ್ತದೆ. ನೀರು ಬರಲು ಹಿಡಿದ ಹೊತ್ತಿನಿಂದ ತೂತು ಎಷ್ಟು ಕೆಳಗಿದೆ ಅನ್ನುವುದನ್ನೂ ಅಂದಾಜು ಮಾಡಬಹುದು.

ಕೇಸಿಂಗ್ ಬಾಯಿಗೆ ಕಿವಿಯಿಟ್ಟರೆ ಸರ್ರನೆ ಗೋಡೆಗೆ ನೀರು ಚಿಮ್ಮುವ ಸದ್ದು. ಮೋಟರ್ ನಿಲ್ಲಿಸಿದ ಮೇಲೆ ಅದೂ ಅಡಗಿತು. ಮೇಲ್ಪದರದ ಒರತೆಯಾಗಿದ್ದರೆ ಅಡಗುತ್ತಿರಲಿಲ್ಲ. ಕನ್ನಡಿ ಹಿಡಿದು ಬಿಸಿಲನ್ನು ಒಳಕ್ಕೆ ಬಿಟ್ಟು ನೋಡಿದೆವು, ಕಣ್ಣು ಹೋದಷ್ಟು ದೂರ ಪೈಪು ಒಣಗಿತ್ತು. ತೂತು ಇನ್ನೂ ಕೆಳಗೆ.

ಆಮೇಲಷ್ಟೇ ಮುಕ್ಕಾಲಿ ನಿಲ್ಲಿಸಿ ಚೈನ್ ಪುಲ್ಲಿಗೆ ಕೈ ಹಾಕಿದ್ದು. ಮೇಲಿನ ಪೈಪುಗಳು ಖಾಲಿ ಬಂದವು. ನೀರು ತುಂಬಿದ ಪೈಪು ಎಲ್ಲಿ ಶುರುವಾಯಿತೋ ಅಲ್ಲೇ, ಕಪ್ಲಿಂಗ್ ಬುಡದಲ್ಲಿ, ಕಡಲೆಕಾಳಿನಷ್ಟು ತೂತು. ತ್ರೆಡ್ಡು ಕೊರೆದಲ್ಲಿ ಪೈಪು ತೆಳು, ತುಕ್ಕು ಮೊದಲು ತಿನ್ನುವುದು ಅಲ್ಲೇ. ಪಕ್ಕದಲ್ಲಿ ಹಾದಿದ್ದ ಕೇಬಲ್ಲಿನ ಮೇಲುಪದರವನ್ನೂ ನೀರಿನ ರಭಸ ಸವೆಸಿತ್ತು. ಬಿಟ್ಟಿದ್ದರೆ ಮೋಟರ್ ಸುಡುತ್ತಿತ್ತು.

ಒಂದು ಕಾಲಕ್ಕೆ ತಲಪರಿಗೆಗಳಲ್ಲಿ ತಾನಾಗಿ ಉಕ್ಕುತ್ತಿದ್ದ ನೀರನ್ನು ಈಗ ನೂರಾರು ಅಡಿಯಿಂದ ಎತ್ತುವ ಸೀಮೆ ನಮ್ಮದು. ಎತ್ತಿದ್ದು ಮತ್ತೆ ಒಳಕ್ಕೇ ಬೀಳುವುದನ್ನು ಕಂಡರೆ ಹೊಟ್ಟೆ ಉರಿಯುತ್ತದೆ. ಅದಕ್ಕಿಂತ ಸಂಕಟ, ಒಂದು ಪೈಪು ಬದಲಿಸಿದರೆ ಮುಗಿಯುವುದಕ್ಕೆ ಸಾಲ ಮಾಡಿ ಹೊಸ ಬೋರು ಕೊರೆಸುವುದು.

ಪಕ್ಕದ ತೋಟದವರೂ ಕರೆದರು. ಅದೇ ಪರೀಕ್ಷೆ ಮಾಡಿದೆವು. ಅವರ ಬೋರ್ಡಿನಲ್ಲಿ ಮುಳ್ಳು ಬಿದ್ದಿತ್ತು. ಅವರದು ನಿಜಕ್ಕೂ ಬತ್ತಿತ್ತು. ಪೈಪು ಎತ್ತಿಸುವ ಖರ್ಚಾದರೂ ಉಳಿಯಿತು.