ಇಳಿಸಬೇಕಾದ್ದು ಮೂರ್ನಾಲ್ಕು ಕೆ.ಜಿ.: ಮಾತ್ರೆಗೆ ಮುನ್ನ ಏನು ಮಾಡಬೇಕು?

ತೂಕ ಇಳಿಸುವ ಔಷಧಿಗಳು ಇರುವುದು ಬೊಜ್ಜು ಕಾಯಿಲೆಯ ಹಂತ ಮುಟ್ಟಿದವರಿಗೆ. ಹೆರಿಗೆಯ ನಂತರ ಇಳಿಯದೆ ಉಳಿದ ಮೂರು ಕೆ.ಜಿ., ಮದುವೆ ಗೊತ್ತಾದ ಮೇಲೆ ಕಣ್ಣಿಗೆ ಬೀಳುವ ನಾಲ್ಕು ಕೆ.ಜಿ., ಅಡಿಕೆ ಕೊಯ್ಲು ಮುಗಿದು ಓಡಾಟ ತಗ್ಗಿದಾಗ ಸೇರಿಕೊಂಡ ಎರಡು ಕೆ.ಜಿ. ಆ ಹಂತಕ್ಕೆ ಸೇರುವುದಿಲ್ಲ. ಆದರೆ ಮಾತ್ರೆಯ ಜಾಹೀರಾತು ಹೆಚ್ಚಾಗಿ ಕರೆಯುವುದು ಇಂಥವರನ್ನೇ. ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನಲ್ಲಿ ಕುಳಿತು ಮೊಬೈಲಿನಲ್ಲಿ ಬುಕ್ ಮಾಡಿದರೆ ಕೆಲವೇ ದಿನಗಳಲ್ಲಿ ಡಬ್ಬಿ ಮನೆಗೆ ಬರುತ್ತದೆ. ನಡುವೆ ವೈದ್ಯರು ಇರುವುದಿಲ್ಲ, ರಕ್ತಪರೀಕ್ಷೆ ಇರುವುದಿಲ್ಲ, ತಕ್ಕಡಿಯೂ ಇರುವುದಿಲ್ಲ. ಬಿಟ್ಟುಹೋದ ಆ ಹಂತಗಳನ್ನು ಕ್ರಮವಾಗಿ ಹಾದುಬಂದರೆ ಮಾತ್ರೆ ಬೇಕೇ ಬೇಡವೇ ಎಂಬುದು ತಾನಾಗಿ ಇತ್ಯರ್ಥವಾಗುತ್ತದೆ.

ಮೊದಲು ಅಳತೆ

ದೇಹದ ತೂಕ ಒಂದೇ ದಿನದಲ್ಲಿ ಒಂದರಿಂದ ಎರಡು ಕೆ.ಜಿ. ಏರಿಳಿಯಬಹುದು. ಹಿಂದಿನ ರಾತ್ರಿಯ ಉಪ್ಪು, ಕುಡಿದ ನೀರು, ಮಲಬದ್ಧತೆ, ಹೆಣ್ಣುಮಕ್ಕಳಲ್ಲಿ ಮುಟ್ಟಿನ ಹಿಂದುಮುಂದಿನ ದಿನಗಳು ಎಲ್ಲವೂ ಮುಳ್ಳನ್ನು ಸರಿಸುತ್ತವೆ. ಆದ್ದರಿಂದ ಬೆಳಿಗ್ಗೆ ಶೌಚ ಮುಗಿಸಿ, ಏನೂ ತಿನ್ನುವ ಮೊದಲು, ಒಂದೇ ತಕ್ಕಡಿಯಲ್ಲಿ, ವಾರಕ್ಕೊಮ್ಮೆ ತೂಗಬೇಕು. ನಾಲ್ಕು ವಾರಗಳ ಅಂಕಿಗಳು ಕೈಯಲ್ಲಿದ್ದಾಗ ಮಾತ್ರ ತೂಕ ಏರುತ್ತಿದೆಯೋ ನಿಂತಿದೆಯೋ ಹೇಳಲು ಬರುತ್ತದೆ.

ಎರಡನೆಯ ಅಳತೆ ಬಿಎಂಐ. ತೂಕವನ್ನು ಕೆ.ಜಿ.ಯಲ್ಲಿಟ್ಟು, ಮೀಟರಿನಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸಿದರೆ ಬರುವ ಸಂಖ್ಯೆ ಇದು. ಭಾರತೀಯರಲ್ಲಿ ಕಡಿಮೆ ತೂಕಕ್ಕೇ ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಕಾಣಿಸಿಕೊಳ್ಳುವುದರಿಂದ 2009ರಲ್ಲಿ ದೇಶದ ತಜ್ಞರು ಇಲ್ಲಿಯವರಿಗೆ ಬೇರೆ ಗೆರೆಗಳನ್ನು ಹಾಕಿದರು: 23 ದಾಟಿದರೆ ಅಧಿಕ ತೂಕ, 25 ಮುಟ್ಟಿದರೆ ಬೊಜ್ಜು. ಸೊಂಟದ ಸುತ್ತಳತೆ ಹೆಂಗಸರಲ್ಲಿ 80 ಸೆಂ.ಮೀ., ಗಂಡಸರಲ್ಲಿ 90 ಸೆಂ.ಮೀ. ಮೀರಬಾರದು. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಟೇಪು ಸುತ್ತಿ, ಉಸಿರು ಬಿಟ್ಟಾಗ ಅಳೆಯುವುದು ಸರಿಯಾದ ಕ್ರಮ. ಹೊಟ್ಟೆಯ ಸುತ್ತ ಸೇರುವ ಕೊಬ್ಬೇ ಹೆಚ್ಚು ಕೇಡು ಮಾಡುವುದರಿಂದ, ತೂಕ ಸ್ವಲ್ಪವೇ ಹೆಚ್ಚಿರುವವರಿಗೆ ತಕ್ಕಡಿಗಿಂತ ಟೇಪು ಹೇಳುವುದನ್ನು ನಂಬಬಹುದು.

ಅದೇ ತಜ್ಞರ ಪ್ರಕಾರ ಔಷಧಿಯ ಮಾತು ಬರುವುದು ಬಿಎಂಐ 27 ದಾಟಿದಾಗ, ಇಲ್ಲವೇ 25 ದಾಟಿದ್ದು ಜೊತೆಗೆ ಸಕ್ಕರೆ ಕಾಯಿಲೆ, ರಕ್ತದೊತ್ತಡದಂಥದ್ದೂ ಇದ್ದಾಗ. ಅದೂ ಊಟ, ವ್ಯಾಯಾಮಗಳ ಜೊತೆಗೆ. ಅವುಗಳ ಬದಲಿಗೆ ಅಲ್ಲ. 158 ಸೆಂ.ಮೀ. ಎತ್ತರದ, 62 ಕೆ.ಜಿ. ತೂಕದ ಮಹಿಳೆಯ ಬಿಎಂಐ 24.8. 23ಕ್ಕೆ ಬರಲು ಅವರು ಸುಮಾರು ನಾಲ್ಕೂವರೆ ಕೆ.ಜಿ. ಇಳಿಯಬೇಕು. ಬೇರೆ ಕಾಯಿಲೆ ಇಲ್ಲದಿದ್ದರೆ, ಔಷಧಿಯ ಗೆರೆ ಮುಟ್ಟಬೇಕಾದರೆ ಅವರ ತೂಕ 67 ಕೆ.ಜಿ. ದಾಟಿರಬೇಕು, ಅಂದರೆ ಈಗಿರುವುದಕ್ಕಿಂತ ಐದು ಕೆ.ಜಿ. ಹೆಚ್ಚು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯೂ ವಾರಕ್ಕೆ ಅರ್ಧ ಕೆ.ಜಿ. ಇಳಿಕೆಯನ್ನು ಸುರಕ್ಷಿತವೆಂದು ಒಪ್ಪಿ, ಬೊಜ್ಜಿನ ಔಷಧಿಗಳಿಂದ ದೂರವಿರಲು ಹೇಳುತ್ತದೆ.

ಬಿಎಂಐ 23ರ ಒಳಗೇ ಇದ್ದೂ ದಪ್ಪ ಎಂದು ಕೊರಗುವವರಿಗೆ ಇಳಿಸಬೇಕಾದ ತೂಕವೇ ಇಲ್ಲ. ಹೆಣ್ಣು ನೋಡಲು ಬರುವವರಿಗಾಗಿ ಹದಿಹರೆಯದ ಮಗಳಿಗೆ ಮಾತ್ರೆ ತರಿಸಿಕೊಡುವುದು ಅನ್ಯಾಯ. 18 ವರ್ಷದೊಳಗಿನವರಿಗೆ ಮೇಲಿನ ಗೆರೆಗಳು ಅನ್ವಯಿಸುವುದೂ ಇಲ್ಲ. ಉಂಡದ್ದನ್ನು ಬೇಕೆಂದೇ ವಾಂತಿ ಮಾಡುವುದು, ಊಟ ಮುಚ್ಚಿಡುವುದು ಕಂಡುಬಂದರೆ ಅದು ಮನಸ್ಸಿನ ಕಾಯಿಲೆಯ ಲಕ್ಷಣ. ಸರ್ಕಾರದ ಟೆಲಿಮನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಸಲಹೆ ಸಿಗುತ್ತದೆ.

ಕಾರಣ ಹುಡುಕುವುದು

ಊಟ ಬದಲಾಗದೆ ತೂಕ ಏರಿದ್ದರೆ ಕಾರಣ ಬೇರೆ ಇರಬಹುದು. ಥೈರಾಯ್ಡ್ ಗ್ರಂಥಿ ಮಂಕಾಗಿರುವುದು, ಪಿಸಿಒಡಿ, ಕೀಲುನೋವಿಗೋ ಉಬ್ಬಸಕ್ಕೋ ದೀರ್ಘಕಾಲ ತಿಂದ ಸ್ಟೆರಾಯ್ಡ್ ಮಾತ್ರೆ, ಕೆಲವು ಮನೋರೋಗದ ಔಷಧಿಗಳು, ಇನ್ಸುಲಿನ್ ಇವೆಲ್ಲ ತೂಕ ಏರಿಸುತ್ತವೆ. ಥೈರಾಯ್ಡ್‌ನ ಟಿಎಸ್‌ಎಚ್ ಪರೀಕ್ಷೆ, ಸಕ್ಕರೆ, ರಕ್ತದೊತ್ತಡ ಇಷ್ಟನ್ನಾದರೂ ನೋಡಿಸಬೇಕು. ಚನ್ನಗಿರಿ, ಹೊನ್ನಾಳಿ, ಜಗಳೂರಿನಲ್ಲಿ ತಾಲ್ಲೂಕು ಆಸ್ಪತ್ರೆಗಳಿವೆ. ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾದ ನ್ಯಾಮತಿಯಲ್ಲೂ ಸರ್ಕಾರಿ ಆಸ್ಪತ್ರೆ ಇದೆ. 30 ವರ್ಷ ದಾಟಿದವರಿಗೆ ಬಿಪಿ, ಶುಗರ್ ತಪಾಸಣೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತ. ಹೆಚ್ಚಿನದಕ್ಕೆ ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಗೆ ಹೋಗಬೇಕಾಗುತ್ತದೆ.

ಯಾವ ಮಾತ್ರೆ ಏನು ಮಾಡುತ್ತದೆ

ಔಷಧಿ ಅಂಗಡಿಯಲ್ಲಿ ಸಿಗುವವುಗಳಲ್ಲಿ ಹೆಸರಾದದ್ದು ಆರ್ಲಿಸ್ಟಾಟ್. ಕೊಬ್ಬನ್ನು ಜೀರ್ಣಿಸುವ ಲೈಪೇಸ್ ಕಿಣ್ವವನ್ನು ಇದು ಕರುಳಿನಲ್ಲೇ ತಡೆಯುತ್ತದೆ. 120 ಮಿ.ಗ್ರಾಂ ಗುಳಿಗೆಯನ್ನು ದಿನಕ್ಕೆ ಮೂರು ಸಲ ಊಟದೊಂದಿಗೆ ತೆಗೆದುಕೊಂಡರೆ, ತಿಂದ ಕೊಬ್ಬಿನಲ್ಲಿ ಸುಮಾರು ಶೇ 30ರಷ್ಟು ಮೈಗೆ ಹತ್ತದೆ ಮಲದಲ್ಲಿ ಹೋಗುತ್ತದೆ. ದಿನಕ್ಕೆ 40 ಗ್ರಾಂ ಕೊಬ್ಬು ತಿನ್ನುವವರಲ್ಲಿ ಅದು 12 ಗ್ರಾಂ, ಅಂದರೆ 108 ಕ್ಯಾಲೊರಿ. ಒಂದು ದೊಡ್ಡ ಚಮಚ ಅಡುಗೆ ಎಣ್ಣೆಯಲ್ಲಿ 120 ಕ್ಯಾಲೊರಿ ಇರುತ್ತದೆ. ಮೂರು ಗುಳಿಗೆ ನುಂಗಿ ಗಳಿಸುವುದು ಒಗ್ಗರಣೆಗೆ ಒಂದು ದೊಡ್ಡ ಚಮಚ ಎಣ್ಣೆ ಕಡಿಮೆ ಹಾಕಿದಷ್ಟೂ ಅಲ್ಲ. ಸ್ವಲ್ಪ ತೂಕ ಇಳಿಸಬೇಕಾದವರು ಇಡೀ ವಿಷಯದಲ್ಲಿ ನೆನಪಿಡಬೇಕಾದ ಲೆಕ್ಕ ಇದೊಂದೇ.

ಅಡ್ಡಪರಿಣಾಮ ಮಾತ್ರ ತೂಕ ಎಷ್ಟೇ ಇದ್ದರೂ ಪೂರ್ತಿಯಾಗಿಯೇ ಬರುತ್ತದೆ. ಗುಳಿಗೆ ತಿಂದು ಬೆಣ್ಣೆದೋಸೆಯನ್ನೋ ಮಂಡಕ್ಕಿ–ಮಿರ್ಚಿಯನ್ನೋ ತಿಂದರೆ ಹೊಟ್ಟೆ ಉಬ್ಬರ, ತಡೆಯಲಾಗದ ಭೇದಿ, ಬಟ್ಟೆಗೆ ಎಣ್ಣೆ ಸೋರುವುದು ಸಾಮಾನ್ಯ. ಕೊಬ್ಬಿನಲ್ಲಿ ಕರಗುವ ಎ, ಡಿ, ಇ, ಕೆ ಜೀವಸತ್ವಗಳೂ ಜೊತೆಗೆ ಹೋಗುತ್ತವೆ. ಅದಕ್ಕಾಗಿ ಮಲಗುವ ಹೊತ್ತಿಗೆ ಬೇರೆ ವಿಟಮಿನ್ ಮಾತ್ರೆ ಬೇಕಾಗುತ್ತದೆ. ಥೈರಾಯ್ಡ್ ಮಾತ್ರೆಗೂ ಇದಕ್ಕೂ ಕನಿಷ್ಠ ನಾಲ್ಕು ಗಂಟೆ ಅಂತರ ಇರಬೇಕು. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತಿನ್ನುವವರು, ಎದೆಹಾಲು ಕುಡಿಸುವವರು ವೈದ್ಯರನ್ನು ಕೇಳದೆ ಇದನ್ನು ಮುಟ್ಟಬಾರದು. ಪಿತ್ತದ ಹರಿವಿಗೆ ತಡೆ ಇರುವವರು, ಬಸುರಿಯರು ಮುಟ್ಟಲೇಬಾರದು.

ಈಚೆಗೆ ಹೆಚ್ಚು ಸುದ್ದಿಯಲ್ಲಿರುವುದು ಹಸಿವನ್ನು ತಗ್ಗಿಸುವ ಸೆಮಾಗ್ಲುಟೈಡ್, ಟಿರ್ಜೆಪಟೈಡ್. ಮಾತ್ರೆಯ ರೂಪದ ಸೆಮಾಗ್ಲುಟೈಡ್ 2022ರಲ್ಲಿ ಭಾರತಕ್ಕೆ ಬಂದದ್ದು ಸಕ್ಕರೆ ಕಾಯಿಲೆಗೆ. ಟಿರ್ಜೆಪಟೈಡ್‌ನ ಮೌಂಜಾರೊ, ಸೆಮಾಗ್ಲುಟೈಡ್‌ನ ವೆಗೋವಿ ಚುಚ್ಚುಮದ್ದುಗಳು 2025ರಲ್ಲಿ ಬಂದವು. ಇವು ನಿಜಕ್ಕೂ ಕೆಲಸ ಮಾಡುವ ಔಷಧಿಗಳು. 2021ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ಸೆಮಾಗ್ಲುಟೈಡ್ ಪಡೆದವರು 68 ವಾರಗಳಲ್ಲಿ ಸರಾಸರಿ ಶೇ 14.9ರಷ್ಟು ತೂಕ ಕಳೆದುಕೊಂಡರು. ಆದರೆ ಪ್ರಯೋಗಕ್ಕೆ ಸೇರಿದವರ ಬಿಎಂಐ 30 ದಾಟಿತ್ತು, ಇಲ್ಲವೇ 27 ದಾಟಿ ಬೇರೆ ಕಾಯಿಲೆಯೂ ಇತ್ತು. ಔಷಧಿ ನಿಲ್ಲಿಸಿದ ಒಂದು ವರ್ಷದಲ್ಲಿ ಇಳಿದ ತೂಕದ ಮೂರನೇ ಎರಡು ಭಾಗ ಮರಳಿ ಬಂತು. ನಾಲ್ಕು ಕೆ.ಜಿ.ಗಾಗಿ ಇದನ್ನು ಹಿಡಿಯುವವರು ಬಿಡುವುದು ಯಾವಾಗ ಎಂಬ ಪ್ರಶ್ನೆಯನ್ನೂ ಹಿಡಿದುಕೊಂಡೇ ಹೋಗಬೇಕು. ವಾಕರಿಕೆ, ವಾಂತಿ, ಪಿತ್ತಕೋಶದ ಕಲ್ಲು, ಅಪರೂಪಕ್ಕೆ ಮೇದೋಜ್ಜೀರಕದ ಉರಿಯೂತ, ಕೊಬ್ಬಿನೊಂದಿಗೆ ಸ್ನಾಯುವೂ ಕರಗುವುದು ಇದರ ತೊಂದರೆಗಳು. ಗರ್ಭ ಧರಿಸುವ ಯೋಚನೆ ಇರುವವರು ಎರಡು ತಿಂಗಳ ಮುಂಚೆಯೇ ಸೆಮಾಗ್ಲುಟೈಡ್ ನಿಲ್ಲಿಸಿರಬೇಕು. ಮದುವೆಗಾಗಿ ತೂಕ ಇಳಿಸುವ ಹುಡುಗಿಗೆ ಈ ಮಾತನ್ನು ಮೊದಲೇ ಹೇಳಬೇಕಾಗುತ್ತದೆ.

‘ನೈಸರ್ಗಿಕ’ ಎಂಬ ಹೆಸರಿನ ಗುಳಿಗೆಗಳಲ್ಲಿ ಉಪ್ಪಾಗೆಯ ಸಾರ ಬಹಳ ಸಿಗುತ್ತದೆ. ಪಶ್ಚಿಮ ಘಟ್ಟದ ಕಾಡಿನ ಈ ಹುಳಿಹಣ್ಣು ಮಲೆನಾಡಿನ ಅಡುಗೆಗೆ ಹೊಸದಲ್ಲ. ಅದರಲ್ಲಿರುವ ಹೈಡ್ರಾಕ್ಸಿಸಿಟ್ರಿಕ್ ಆಮ್ಲವನ್ನು 135 ಮಂದಿಯ ಮೇಲೆ 12 ವಾರ ಪರೀಕ್ಷಿಸಿದ ಅಮೆರಿಕದ ಪ್ರಯೋಗವೊಂದು 1998ರಲ್ಲಿ ಪ್ರಕಟವಾಯಿತು. ಸಾರ ತಿಂದವರಿಗೂ ಬರಿ ಹುಸಿಗುಳಿಗೆ ತಿಂದವರಿಗೂ ತೂಕದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಸಾರಿಗೆ ಹಾಕುವ ಉಪ್ಪಾಗೆಯಿಂದ ಭಯವಿಲ್ಲ. ಗುಳಿಗೆಯಲ್ಲಿ ಗಟ್ಟಿಗೊಳಿಸಿದ ಸಾರದಿಂದ ಯಕೃತ್ತು ಕೆಟ್ಟ ಪ್ರಕರಣಗಳು ವರದಿಯಾಗಿವೆ. ಗ್ರೀನ್ ಟೀ ಸಾರದ ಕಥೆಯೂ ಹೀಗೆಯೇ. ಅದರ ಇಜಿಸಿಜಿ ಅಂಶ ದಿನಕ್ಕೆ 800 ಮಿ.ಗ್ರಾಂ ಮುಟ್ಟಿದರೆ ಯಕೃತ್ತಿಗೆ ಅಪಾಯವಿದೆ ಎಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಎಚ್ಚರಿಸಿತು.

ಇನ್ನು ಪರಿಚಯದವರ ಸಲಹೆಯಿಂದ ತಿನ್ನುವ ಮಾತ್ರೆಗಳು. ಥೈರಾಯ್ಡ್ ಸರಿಯಿರುವವರು ಥೈರಾಕ್ಸಿನ್ ತಿಂದರೆ ಎದೆಬಡಿತ ಏರುತ್ತದೆ, ಮೂಳೆ ಸವೆಯುತ್ತದೆ. ಮೂತ್ರ ಹೆಚ್ಚಿಸುವ ಮಾತ್ರೆ ಇಳಿಸುವುದು ನೀರನ್ನು. ಜೊತೆಗೆ ಪೊಟ್ಯಾಸಿಯಂ ಕುಸಿದು ಹೃದಯದ ಲಯ ತಪ್ಪಬಹುದು. ಜಗಳೂರಿನ ಬೇಸಿಗೆ ಬಿಸಿಲಲ್ಲಿ ದುಡಿಯುವವರು ಇದನ್ನು ತಿನ್ನುವುದು ಪ್ರಾಣಕ್ಕೇ ಸಂಚಕಾರ. ಭೇದಿ ಮಾತ್ರೆಯ ಪ್ರಭಾವ ಮುಖ್ಯವಾಗಿ ದೊಡ್ಡ ಕರುಳಿನಲ್ಲಿ. ಅಷ್ಟರಲ್ಲಿ ಊಟದ ಸಾರವನ್ನೆಲ್ಲ ಸಣ್ಣ ಕರುಳು ಹೀರಿ ಮುಗಿಸಿರುತ್ತದೆ.

ಡಬ್ಬಿ ಓದುವ ಬಗೆ

ಬೊಜ್ಜು ಗುಣಪಡಿಸುತ್ತೇವೆಂದು ಔಷಧಿಯ ಜಾಹೀರಾತು ಕೊಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ನಿಷೇಧಿಸಿದೆ. ಅದರ ಕಾಯಿಲೆಗಳ ಪಟ್ಟಿಯಲ್ಲಿ ಬೊಜ್ಜೂ ಇದೆ. ‘15 ದಿನದಲ್ಲಿ 10 ಕೆ.ಜಿ.’ ಎಂಬ ಭರವಸೆ ಕಂಡಕೂಡಲೇ ಡಬ್ಬಿ ಕೆಳಗಿಡಲು ಇಷ್ಟೇ ಸಾಕು. ಆಹಾರ ಪೂರಕವಾಗಿದ್ದರೆ 14 ಅಂಕಿಗಳ ಎಫ್‌ಎಸ್‌ಎಸ್‌ಎಐ ಪರವಾನಗಿ ಸಂಖ್ಯೆ ಇರಬೇಕು. ಔಷಧಿಯಾಗಿದ್ದರೆ ತಯಾರಕರ ಹೆಸರು, ವಿಳಾಸ, ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ತಿಂಗಳು ಇರಬೇಕು. ಸ್ಟ್ರಿಪ್ಪಿನ ಮೇಲೆ ಕೆಂಪು ಗೆರೆಯೂ ಆರ್‌ಎಕ್ಸ್ ಗುರುತೂ ಇದ್ದರೆ ಅದು ವೈದ್ಯರ ಚೀಟಿ ಇಲ್ಲದೆ ಮಾರಬಾರದ ಔಷಧಿ.

ಹೆಸರಿಲ್ಲದ ಪುಡಿ, ಬಿಡಿ ಗುಳಿಗೆಗಳ ದೊಡ್ಡ ಅಪಾಯ ಸಿಬುಟ್ರಮಿನ್ ಕಲಬೆರಕೆ. ಹೃದಯಾಘಾತ, ಪಾರ್ಶ್ವವಾಯು ಹೆಚ್ಚಿಸುತ್ತದೆಂದು ಸಾಬೀತಾಗಿ 2010ರಲ್ಲಿ ಅಮೆರಿಕ, ಯುರೋಪಿನಲ್ಲಿ ಹಿಂದೆ ಸರಿದ ಈ ಔಷಧಿಯನ್ನು ಭಾರತ 2011ರಲ್ಲಿ ನಿಷೇಧಿಸಿತು. ಗಿಡಮೂಲಿಕೆ ಎಂದು ಮಾರುವ ಪುಡಿಗಳಲ್ಲಿ ಇದು ಸಿಕ್ಕಿರುವುದನ್ನು ಅಮೆರಿಕದ ಔಷಧ ಆಡಳಿತ ಮತ್ತೆ ಮತ್ತೆ ಪ್ರಕಟಿಸಿದೆ. ಮೊದಲ ವಾರದಲ್ಲೇ ಹಸಿವು ಪೂರ್ತಿ ಸತ್ತು, ಬಾಯಿ ಒಣಗಿ, ನಿದ್ದೆ ಹಾರಿದರೆ ಆ ಪುಡಿಯಲ್ಲಿ ಮೂಲಿಕೆಯಷ್ಟೇ ಇದೆ ಎಂದು ನಂಬುವಂತಿಲ್ಲ.

ಮಾತ್ರೆಯಿಲ್ಲದೆ ನಾಲ್ಕು ಕೆ.ಜಿ.

ಒಂದು ಕೆ.ಜಿ. ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಅಡಗಿದೆ. ದಿನಕ್ಕೆ 300 ಕ್ಯಾಲೊರಿ ಕಡಿಮೆಯಾದರೆ ತಿಂಗಳಿಗೆ ಹೆಚ್ಚುಕಡಿಮೆ ಒಂದು ಕೆ.ಜಿ. ಇಳಿಯುತ್ತದೆ. ನಾಲ್ಕು ಸಲ ಕುಡಿಯುವ ಚಹಾಕ್ಕೆ ಎರಡೆರಡರ ಬದಲು ಒಂದೊಂದು ಚಮಚ ಸಕ್ಕರೆ ಹಾಕಿದರೆ 80 ಕ್ಯಾಲೊರಿ ಉಳಿಯಿತು. ಒಂದು ದೊಡ್ಡ ಚಮಚ ಎಣ್ಣೆ ಬಿಟ್ಟರೆ 120. ಅನ್ನಕ್ಕೆ 30 ಗ್ರಾಂ ಅಕ್ಕಿ ಕಡಿಮೆ ಹಾಕಿದರೆ ನೂರಕ್ಕೆ ತುಸು ಮೇಲೆ. ಅಲ್ಲಿಗೆ 300 ತುಂಬಿತು.

ಎಣ್ಣೆಯ ಲೆಕ್ಕ ಚಮಚದಲ್ಲಿ ನಿಲ್ಲುವುದಿಲ್ಲ. ಪ್ಯಾಕೆಟ್ ಒಡೆದ ದಿನಾಂಕವನ್ನು ಡಬ್ಬಿಯ ಮೇಲೆ ಬರೆದಿಟ್ಟರೆ ತಿಳಿಯುತ್ತದೆ: ನಾಲ್ಕು ಮಂದಿಯ ಮನೆಗೆ ತಿಂಗಳಿಗೆ ಎರಡು ಲೀಟರ್ ದಾಟದಂತೆ ನೋಡಿಕೊಳ್ಳಬೇಕು. ಭದ್ರಾ ನಾಲೆಯ ಕಡೆಯ ಚನ್ನಗಿರಿ, ಹೊನ್ನಾಳಿ ಊರುಗಳಲ್ಲಿ ತಟ್ಟೆಯ ತುಂಬ ಅನ್ನ. ಅಲ್ಲಿ ಎರಡನೇ ಸಲ ಬಡಿಸಿಕೊಳ್ಳುವ ಅನ್ನದ ಜಾಗಕ್ಕೆ ಪಲ್ಯ, ಮೊಳಕೆ ಹೆಸರುಕಾಳು, ಹುರುಳಿ ಉಸುಳಿ ಬರಬೇಕು. ಜಗಳೂರಿನ ಕಡೆ ಜೋಳದ ರೊಟ್ಟಿ, ರಾಗಿ ಮುದ್ದೆ ಒಳ್ಳೆಯವೇ. ಶೇಂಗಾ ಚಟ್ನಿಪುಡಿಗೆ ಎಣ್ಣೆ ಕಲಸಿಕೊಳ್ಳುವಲ್ಲಿ ಕೈ ಹಿಡಿತ ಬೇಕು. ಸಂಜೆಯ ಮಂಡಕ್ಕಿ ಹಗುರ. ತೂಕ ಇರುವುದು ಅದಕ್ಕೆ ಕಲಸುವ ಎಣ್ಣೆಯಲ್ಲಿ, ಪಕ್ಕದ ಮಿರ್ಚಿಯಲ್ಲಿ. ಮೊಟ್ಟೆ, ಬೇಳೆ, ಮಜ್ಜಿಗೆ ಕಡಿಮೆ ಮಾಡಬಾರದು, ಮಾಡಿದರೆ ಸ್ನಾಯು ಕರಗುತ್ತದೆ. ಉಪವಾಸದ ಹೆಸರಿನಲ್ಲಿ ದಿನಕ್ಕೆ 1000 ಕ್ಯಾಲೊರಿಗಿಂತ ಕೆಳಗಿಳಿಯುವುದೂ ಸಲ್ಲದು.

ವಾರಕ್ಕೆ 150 ನಿಮಿಷ ಬಿರುಸಿನ ನಡಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಕನಿಷ್ಠ. ನಾಲೆಯ ಏರಿ, ಶಾಲೆಯ ಮೈದಾನ, ಹೊಲದ ದಾರಿ ಯಾವುದಾದರೂ ಆದೀತು. ಮೂರು ತಿಂಗಳ ಕೊನೆಗೆ ಮತ್ತೆ ಸೊಂಟ ಅಳೆಯಬೇಕು. ತೂಕ ಅಲುಗಾಡದಿದ್ದರೆ ಮಾತ್ರ ವೈದ್ಯರ ಮುಂದೆ ಔಷಧಿಯ ಪ್ರಶ್ನೆ ಇಡಬಹುದು.

ಈಗಾಗಲೇ ತಿನ್ನುತ್ತಿದ್ದರೆ

ಸ್ವಂತ ನಿರ್ಧಾರದಿಂದ ಶುರುಮಾಡಿದ ತೂಕದ ಮಾತ್ರೆಯನ್ನು ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಥೈರಾಯ್ಡ್, ಸಕ್ಕರೆ ಕಾಯಿಲೆಗಳಿಗೆ ವೈದ್ಯರೇ ಬರೆದುಕೊಟ್ಟ ಮಾತ್ರೆಗಳನ್ನು ಮಾತ್ರ ಕೇಳದೆ ನಿಲ್ಲಿಸಬಾರದು. ಕಣ್ಣು ಹಳದಿಯಾಗುವುದು, ಕಡುಬಣ್ಣದ ಮೂತ್ರ, ಬಲ ಪಕ್ಕೆಯ ಕೆಳಗೆ ನೋವು, ಎದೆ ಹಿಡಿದಂತಾಗುವುದು, ವಿಪರೀತ ಎದೆಬಡಿತ, ಬೆನ್ನಿಗೆ ಹಬ್ಬುವ ಹೊಟ್ಟೆನೋವು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ನಡುರಾತ್ರಿಯಾದರೆ 108 ಕರೆಯಬೇಕು. ಔಷಧಿಯ ಅಡ್ಡಪರಿಣಾಮವನ್ನು ರಾಷ್ಟ್ರೀಯ ಉಚಿತ ಸಂಖ್ಯೆ 1800-180-3024ಕ್ಕೆ ರೋಗಿಯೇ ತಿಳಿಸಬಹುದು. ಖಾಲಿಯಾಗಿದ್ದರೂ ಸರಿಯೇ, ಡಬ್ಬಿ ಮತ್ತು ರಸೀದಿಯನ್ನು ಎಸೆಯದೆ ವೈದ್ಯರ ಬಳಿಗೆ ಒಯ್ಯಬೇಕು.