ಕೊರೊನಾ ಮತ್ತು ನಮ್ಮ ಮೂತ್ರಪಿಂಡಗಳು

ಗೆಳೆಯ ಗೆಳತಿಯರೇ, ಕೊರೊನಾ ಅಂದ ಕೂಡಲೇ ನಿಮಗೆ ಏನು ನೆನಪಾಗುತ್ತದೆ? ಜ್ವರ, ಕೆಮ್ಮು, ಮಾಸ್ಕು, ಆಮ್ಲಜನಕದ ಸಿಲಿಂಡರು, ಅಲ್ಲವೇ? ಅದು ಶ್ವಾಸಕೋಶದ ಕಾಯಿಲೆ ಎಂದು ಎಲ್ಲರೂ ಹೇಳುತ್ತಾರೆ. ಅದು ನಿಜ. ಆದರೆ ಕಾಯಿಲೆ ಜೋರಾಗಿ ಆಸ್ಪತ್ರೆ ಸೇರಿದ ಎಷ್ಟೋ ಜನರಿಗೆ ಮೂತ್ರಪಿಂಡಗಳಿಗೂ ಪೆಟ್ಟು ಬಿತ್ತು. ನಮ್ಮ ದೊಡ್ಡಪ್ಪನಿಗೂ ಹಾಗೇ ಆಯಿತು. ಆದ್ದರಿಂದ ಈ ಪಾಠವನ್ನು ಬರೆಯುತ್ತಿದ್ದೇನೆ.

ಮೂತ್ರಪಿಂಡ ಎಂದರೇನು?

ಮೂತ್ರಪಿಂಡವನ್ನು ಊರಲ್ಲಿ ಕಿಡ್ನಿ ಅಂತಾರೆ. ಸೊಂಟದ ಸ್ವಲ್ಪ ಮೇಲೆ, ಬೆನ್ನಿನ ಕಡೆಗೆ, ಎಡಕ್ಕೊಂದು ಬಲಕ್ಕೊಂದು ಇರುತ್ತವೆ. ಆಕಾರ ಅಲಸಂದೆ ಕಾಳಿನ ಹಾಗೆ, ಗಾತ್ರ ಮುಷ್ಟಿಯಷ್ಟು. ಒಂದೊಂದರಲ್ಲೂ ಸುಮಾರು 10 ಲಕ್ಷ ಸಣ್ಣ ಸೋಸುವ ಘಟಕಗಳಿವೆ. ಇವುಗಳ ಹೆಸರು ನೆಫ್ರಾನ್.

ದಿನಕ್ಕೆ ಇವು ರಕ್ತದಿಂದ ಸುಮಾರು 180 ಲೀಟರ್ ದ್ರವವನ್ನು ಸೋಸುತ್ತವೆ. ನಮ್ಮ ಮನೆಯ ಕೊಡ 15 ಲೀಟರ್ ಹಿಡಿಯುತ್ತದೆ. ಅಂದರೆ 12 ಕೊಡ ಆಯಿತು! ಅದರಲ್ಲಿ ಬೇಕಾದ್ದನ್ನೆಲ್ಲಾ ತಿರುಗಿ ರಕ್ತಕ್ಕೇ ಬಿಟ್ಟು, ಬೇಡವಾದ ಯೂರಿಯಾ, ಕ್ರಿಯಾಟಿನಿನ್ ಮುಂತಾದ ಕಸವನ್ನು ಸುಮಾರು ಒಂದೂವರೆ ಲೀಟರ್ ಮೂತ್ರದಲ್ಲಿ ಹೊರಗೆ ಹಾಕುತ್ತವೆ. ಈ ಕೆಲಸ ನಿಂತರೆ ಕಸ ರಕ್ತದಲ್ಲೇ ಉಳಿದು ವಿಷವಾಗುತ್ತದೆ.

ಕೊರೊನಾ ಬಂದಾಗ ಏನಾಗುತ್ತದೆ?

ಮೂತ್ರಪಿಂಡಗಳು ಕೆಲವು ಗಂಟೆ ಅಥವಾ ಕೆಲವು ದಿನಗಳಲ್ಲೇ ತಟ್ಟನೆ ಸೋಲುವುದಕ್ಕೆ ತೀವ್ರ ಮೂತ್ರಪಿಂಡ ಹಾನಿ ಎನ್ನುತ್ತಾರೆ. ಇದಕ್ಕೆ ಕಾರಣ ಒಂದೇ ಅಲ್ಲ.

1. ಶ್ವಾಸಕೋಶ ಸೋತರೆ ರಕ್ತದಲ್ಲಿ ಆಮ್ಲಜನಕ ಕಡಿಮೆಯಾಗುತ್ತದೆ. ಮೂತ್ರಪಿಂಡಕ್ಕೂ ಉಸಿರು ಕಟ್ಟಿದ ಹಾಗೆ ಆಗುತ್ತದೆ.
2. ಜ್ವರ, ವಾಂತಿ, ಭೇದಿಯಿಂದ ಮೈಯ ನೀರು ಆರುತ್ತದೆ. ರಕ್ತದೊತ್ತಡ ಇಳಿಯುತ್ತದೆ. ಆಗ ಸೋಸಲು ಸಾಕಷ್ಟು ರಕ್ತ ಬರುವುದಿಲ್ಲ.
3. ರೋಗದ ವಿರುದ್ಧ ಹೋರಾಡುವ ನಮ್ಮ ಮೈಯ ಸೈನ್ಯವೇ ಕೆಲವರಲ್ಲಿ ಮಿತಿ ಮೀರಿ ಕೆರಳಿ, ನಮ್ಮ ಅಂಗಗಳನ್ನೇ ಕೆಡಿಸುತ್ತದೆ.
4. ಸಣ್ಣ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುತ್ತದೆ.
5. ಈ ವೈರಾಣು ಜೀವಕೋಶದೊಳಗೆ ನುಗ್ಗಲು ಎಸಿಇ-2 ಎಂಬ ಬಾಗಿಲು ಬೇಕು. ಆ ಬಾಗಿಲು ಮೂತ್ರಪಿಂಡದ ಜೀವಕೋಶಗಳಲ್ಲೂ ಇದೆ.

ಸಕ್ಕರೆ ಕಾಯಿಲೆ, ಬಿ.ಪಿ., ಮೊದಲೇ ಕಿಡ್ನಿ ತೊಂದರೆ ಇರುವವರಿಗೆ ಮತ್ತು ವಯಸ್ಸಾದವರಿಗೆ ಅಪಾಯ ಹೆಚ್ಚು.

ನ್ಯೂಯಾರ್ಕಿನ ಲೆಕ್ಕ

2020ರ ಮಾರ್ಚ್ ಮತ್ತು ಏಪ್ರಿಲ್‌ನಲ್ಲಿ ಅಮೆರಿಕದ ನ್ಯೂಯಾರ್ಕ್ ಸುತ್ತಿನ ಆಸ್ಪತ್ರೆಗಳಿಗೆ ಸೇರಿದ 5,449 ಕೊರೊನಾ ರೋಗಿಗಳನ್ನು ವೈದ್ಯರು ಲೆಕ್ಕ ಹಾಕಿ ನೋಡಿದರು. ಅವರಲ್ಲಿ 1,993 ಮಂದಿಗೆ ಮೂತ್ರಪಿಂಡ ಹಾನಿ ಆಗಿತ್ತು. ಶೇಕಡಾ ತೆಗೆದರೆ 36.6. ವೆಂಟಿಲೇಟರ್ ಹಾಕಿದವರಲ್ಲಿ 100ಕ್ಕೆ ಸುಮಾರು 90 ಜನಕ್ಕೆ, ಹಾಕದವರಲ್ಲಿ ಸುಮಾರು 22 ಜನಕ್ಕೆ ಹೀಗಾಗಿತ್ತು. ಶ್ವಾಸಕೋಶಕ್ಕೆ ಕಷ್ಟ ಹೆಚ್ಚಾದಷ್ಟೂ ಮೂತ್ರಪಿಂಡಕ್ಕೂ ಕಷ್ಟ ಎಂದು ಇದರಿಂದ ತಿಳಿಯುತ್ತದೆ. ಆದರೆ ಇದು ಆಸ್ಪತ್ರೆ ಸೇರಿದವರ ಲೆಕ್ಕ. ಮನೆಯಲ್ಲೇ ಸಣ್ಣದಾಗಿ ಬಂದು ಹೋದವರ ಲೆಕ್ಕ ಅಲ್ಲ ಎಂಬುದನ್ನು ನೆನಪಿಡಿ.

ನಮ್ಮ ದೊಡ್ಡಪ್ಪನ ವಿಷಯ

ದೊಡ್ಡಪ್ಪನಿಗೆ ಮೊದಲಿಂದಲೂ ಸಕ್ಕರೆ ಕಾಯಿಲೆ. 2021ರ ಮೇ ತಿಂಗಳಲ್ಲಿ ಕೊರೊನಾ ಬಂದು ಆಸ್ಪತ್ರೆಗೆ ಸೇರಿಸಿದರು. ಆಗ ನಾನು ಚಿಕ್ಕವಳು. ಈ ಪಾಠಕ್ಕಾಗಿ ದೊಡ್ಡಮ್ಮನನ್ನು ಕೇಳಿದೆ. "ಆಮ್ಲಜನಕ ಹಾಕವ್ರೆ, ಇನ್ನೇನು ವಾಸಿ ಆಯ್ತದೆ ಅಂದ್ಕಂಡಿದ್ದೆ ಕಣವ್ವ. ಐದನೇ ದಿನ ಡಾಕ್ಟ್ರು ಫೋನ್ ಮಾಡಿ, ಒಂದಕ್ಕೆ ಹೋಗೋದೇ ನಿಂತೋಗದೆ, ಕಿಡ್ನಿ ಕೆಲಸ ಮಾಡ್ತಿಲ್ಲ ಅಂದ್ರು. ಕೈಕಾಲು ಆಡ್ಲಿಲ್ಲ" ಅಂದರು. ಸಾಮಾನ್ಯವಾಗಿ ರಕ್ತದಲ್ಲಿ 1ರ ಆಸುಪಾಸು ಇರಬೇಕಾದ ಕ್ರಿಯಾಟಿನಿನ್ ಅವರಿಗೆ 6 ಆಗಿತ್ತಂತೆ.

ಆಗ ಡಯಾಲಿಸಿಸ್ ಮಾಡಿದರು. ಡಯಾಲಿಸಿಸ್ ಎಂದರೆ ರಕ್ತವನ್ನು ಕೊಳವೆಯ ಮೂಲಕ ಯಂತ್ರಕ್ಕೆ ಕಳಿಸಿ, ಸೋಸಿ, ತಿರುಗಿ ಮೈಗೆ ಸೇರಿಸುವುದು. ಒಂದು ಸಲಕ್ಕೆ ಸಾಮಾನ್ಯವಾಗಿ 4 ಗಂಟೆ ಬೇಕು. ಇಂಥ ಯಂತ್ರವನ್ನು 1943ರಲ್ಲಿ ಮಾಡಿದವರು ನೆದರ್‌ಲ್ಯಾಂಡ್ಸ್‌ನ ವೈದ್ಯ ವಿಲೆಮ್ ಕೋಲ್ಫ್. ಯುದ್ಧದ ಕಾಲದಲ್ಲಿ, ಸಾಮಾನು ಸಿಗದೇ ಇದ್ದಾಗ ಅದನ್ನು ಮಾಡಿದರು.

ದೊಡ್ಡಪ್ಪನಿಗೆ ಮೂರು ಸಲ ಡಯಾಲಿಸಿಸ್ ಆದ ಮೇಲೆ ಮೂತ್ರ ಬರಲು ಶುರುವಾಯಿತು. ಈಗ ಹೊಲಕ್ಕೆ ಹೋಗುತ್ತಾರೆ. ಎಲ್ಲರಿಗೂ ಹೀಗೆ ಆಗಲಿಲ್ಲ. ಕೆಲವರು ತೀರಿಕೊಂಡರು. ಕೆಲವರಿಗೆ ಕೊರೊನಾ ಹೋದರೂ ಕಿಡ್ನಿ ಪೂರ್ತಿ ಸರಿಹೋಗಲಿಲ್ಲ. ಅದಕ್ಕೇ ದೊಡ್ಡಪ್ಪ ಈಗಲೂ ಆರು ತಿಂಗಳಿಗೊಮ್ಮೆ ರಕ್ತ, ಮೂತ್ರ ಪರೀಕ್ಷೆ ಮಾಡಿಸುತ್ತಾರೆ. "ನೋವೇ ಇಲ್ಲ, ಯಾಕೆ ಪರೀಕ್ಷೆ?" ಎಂದು ಬಸ್ ಚಾರ್ಜಿನ ಲೆಕ್ಕ ಹೇಳುತ್ತಾರೆ. ದೊಡ್ಡಮ್ಮ ಬಿಡುವುದಿಲ್ಲ. ದೊಡ್ಡಮ್ಮನೇ ಸರಿ. ಹಲ್ಲು ಕೆಟ್ಟರೆ ನೋಯುತ್ತದೆ. ಮೂತ್ರಪಿಂಡ ಕೆಟ್ಟರೆ ಬಹಳ ಸಲ ನೋವೇ ಇರುವುದಿಲ್ಲ. ಪರೀಕ್ಷೆ ಮಾಡಿಸಿದರೆ ಮಾತ್ರ ಗೊತ್ತಾಗುತ್ತದೆ.

ನಾವು ಮಾಡಬೇಕಾದ್ದು

1. ಮನೆಯಲ್ಲಿ ಯಾರಿಗಾದರೂ ಕೊರೊನಾ ಜೋರಾಗಿ ಬಂದಿದ್ದರೆ, ಅಥವಾ ಸಕ್ಕರೆ ಕಾಯಿಲೆ, ಬಿ.ಪಿ. ಇದ್ದರೆ, ಕ್ರಿಯಾಟಿನಿನ್ ಮತ್ತು ಮೂತ್ರ ಪರೀಕ್ಷೆ ಮಾಡಿಸಲು ಹೇಳಿರಿ.
2. ಕಾಲು, ಮುಖ ಊದಿಕೊಂಡರೆ, ಮೂತ್ರ ಕಡಿಮೆಯಾದರೆ ಅಥವಾ ತುಂಬಾ ನೊರೆ ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.
3. ಮೈಕೈ ನೋವಿಗೆ ಅಂಗಡಿಯಿಂದ ಮಾತ್ರೆ ತಂದು ದಿನಾ ನುಂಗಬಾರದು. ಕೆಲವು ನೋವಿನ ಮಾತ್ರೆಗಳು ಮೂತ್ರಪಿಂಡವನ್ನು ಕೆಡಿಸುತ್ತವೆ.
4. ಜ್ವರ, ಭೇದಿ ಇದ್ದಾಗ ನೀರು, ಓ.ಆರ್.ಎಸ್. ಕುಡಿಯಬೇಕು. ಮೊದಲೇ ಕಿಡ್ನಿ ಕಾಯಿಲೆ ಇರುವವರು ವೈದ್ಯರು ಹೇಳಿದಷ್ಟೇ ಕುಡಿಯಬೇಕು.

ಹೇಳಬಲ್ಲಿರಾ?

ಅ) ನಮ್ಮ ಎರಡು ಮೂತ್ರಪಿಂಡಗಳಲ್ಲಿ ಒಟ್ಟು ಎಷ್ಟು ನೆಫ್ರಾನ್‌ಗಳಿವೆ?
ಆ) 180 ಲೀಟರ್ ಸೋಸಿ ಒಂದೂವರೆ ಲೀಟರ್ ಹೊರಗೆ ಹಾಕಿದರೆ ರಕ್ತಕ್ಕೆ ವಾಪಸ್ ಹೋಗುವುದು ಎಷ್ಟು?
ಇ) ನಿಮ್ಮ ಮನೆಯಲ್ಲಿ ಕ್ರಿಯಾಟಿನಿನ್ ಪರೀಕ್ಷೆ ಯಾರಿಗೆ ಬೇಕು? ಇದರ ಉತ್ತರ ನನಗೆ ಹೇಳಬೇಡಿ, ಮನೆಗೆ ಹೋಗಿ ಹೇಳಿ.

— 7ನೇ ತರಗತಿ ವಿದ್ಯಾರ್ಥಿನಿ