ಪೂರೈಕೆ ಸರಪಳಿ: ಕೊಕ್ಕೋ ತೋಟದಿಂದ ಒಂದು ಪಾಠ

ಕಚ್ಚಾವಸ್ತು ಹುಟ್ಟುವ ಸ್ಥಳದಿಂದ ಸಿದ್ಧವಸ್ತು ಬಳಕೆದಾರನ ಕೈ ಸೇರುವವರೆಗಿನ ಕೊಂಡಿಗಳ ಜೋಡಣೆಯೇ ಪೂರೈಕೆ ಸರಪಳಿ. ಈ ವ್ಯಾಖ್ಯೆಯನ್ನು ವಿದ್ಯಾರ್ಥಿಗಳು ಸಲೀಸಾಗಿ ಒಪ್ಪಿಸುತ್ತಾರೆ. ಆದರೆ ಕಪ್ಪುಹಲಗೆಯ ಮೇಲೆ ಚಿತ್ರಿಸಲು ಹೇಳಿದರೆ ಬಾಣಗಳೆಲ್ಲವೂ ತೋಟದಿಂದ ಅಂಗಡಿಯ ಕಡೆಗೇ ಹೊರಡುತ್ತವೆ. ವಾಸ್ತವದಲ್ಲಿ ಸರಕು ಮುಂದಕ್ಕೆ ಸಾಗುತ್ತದೆ, ಹಣ ಹಿಂದಕ್ಕೆ ಬರುತ್ತದೆ. ಮಾಹಿತಿಯು ಎರಡೂ ದಿಕ್ಕಿಗೆ ಸಂಚರಿಸಬೇಕು. ಈ ಮೂರನೆಯ ಹರಿವನ್ನು ಮನಗಾಣಿಸುವುದೇ ಪಾಠದ ಕಠಿಣ ಭಾಗ.

ಕಾಸರಗೋಡಿನ ಶಿಕ್ಷಕರು ಉದಾಹರಣೆಗಾಗಿ ದೂರ ಹೋಗಬೇಕಾಗಿಲ್ಲ. ಅಡಿಕೆ ತೋಟದ ನೆರಳಿನಲ್ಲಿರುವ ಕೊಕ್ಕೋ ಗಿಡವೇ ಸಾಕು. (ನೀಲಗಿರಿಯವರು ಚಹದ ಹಸಿರೆಲೆಯನ್ನೂ ಸೊಲ್ಲಾಪುರದವರು ಚಾದರದ ನೂಲನ್ನೂ ಆರಿಸಿಕೊಳ್ಳಬಹುದು.) ಕೊಕ್ಕೋ ಹಣ್ಣನ್ನು ಒಡೆದು ತೆಗೆದ ಹಸಿಬೀಜವನ್ನು ಐದಾರು ದಿನ ಹುದುಗಿಸಬೇಕು. ಚಾಕೊಲೇಟಿನ ಪರಿಮಳಕ್ಕೆ ತಳಹದಿ ಬೀಳುವುದು ಅಲ್ಲಿಯೇ. ಬಳಿಕ ತೇವಾಂಶ ಶೇಕಡಾ 7ರ ಆಸುಪಾಸಿಗೆ ಇಳಿಯುವಂತೆ ಒಣಗಿಸಬೇಕು. ಮಳೆಗಾಲದಲ್ಲಿ ತಡವಾದರೆ ಬೂಷ್ಟು ಹಿಡಿಯುತ್ತದೆ. ಇಲ್ಲಿ ಕೆಟ್ಟ ಗುಣವನ್ನು ಮುಂದಿನ ಯಾವ ಕಾರ್ಖಾನೆಯೂ ಸರಿಪಡಿಸಲಾರದು.

1970ರ ದಶಕದಲ್ಲಿ ಈ ಬೆಳೆಗೆ ಬಹಳ ಉತ್ತೇಜನವಿತ್ತು. ಆದರೆ ಗಿಡ ಫಲಕ್ಕೆ ಬರಲು ಮೂರು ವರ್ಷವಾದರೂ ಬೇಕು. ಫಸಲು ಹೇರಳವಾಗುವ ಹೊತ್ತಿಗೆ, 1980ರ ಸುಮಾರಿಗೆ, ಬೆಲೆ ಕುಸಿಯಿತು. ಕೊಳ್ಳುವವರು ಹಿಂದೆ ಸರಿದರು. ಸಾಕಿದ ಗಿಡವನ್ನು ಎಷ್ಟೋ ಬೆಳೆಗಾರರು ತಾವೇ ಕಡಿದುಹಾಕಿದರು. ನಮ್ಮ ವಿದ್ಯಾರ್ಥಿಗಳ ಅಜ್ಜಂದಿರಲ್ಲಿ ಇದನ್ನು ಕಂಡವರು ಇರಬಹುದು. ಅವರನ್ನು ಕೇಳಿ ಬರಲು ಹೇಳಿರಿ. ಕರ್ನಾಟಕ ಮತ್ತು ಕೇರಳದ ಅಡಿಕೆ ಬೆಳೆಗಾರರಿಗಾಗಿ 1973ರಲ್ಲಿ ಮಂಗಳೂರಿನಲ್ಲಿ ಸ್ಥಾಪನೆಯಾಗಿದ್ದ ಕ್ಯಾಂಪ್ಕೊ ಸಹಕಾರಿ ಸಂಸ್ಥೆ ಆಗ ಕೊಕ್ಕೋ ಖರೀದಿಗೆ ಇಳಿಯಿತು. 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೂ ತೆರೆಯಿತು. ಬೆಳೆಗಾರನಿಗೂ ಕಾರ್ಖಾನೆಗೂ ನಡುವಿನ ಕೊಂಡಿಗಳು ಇದರಿಂದ ಕಡಿಮೆಯಾದವು.

ಕೊನೆಯ ಕೊಂಡಿಯಲ್ಲಿರುವವನಿಗೇ ಪೆಟ್ಟು ಏಕೆ ಜೋರಾಗಿ ಬೀಳುತ್ತದೆ ಎಂಬುದನ್ನು ಒಂದು ಆಟದಿಂದ ತೋರಿಸಬಹುದು. ಅಂಗಡಿಯವ, ಸಗಟು ವ್ಯಾಪಾರಿ, ಕಾರ್ಖಾನೆ, ಬೆಳೆಗಾರ ಎಂದು ನಾಲ್ವರನ್ನು ಸಾಲಾಗಿ ಕೂರಿಸಿರಿ. ಪ್ರತಿಯೊಬ್ಬನೂ ತನ್ನ ಪಕ್ಕದವನ ಬೇಡಿಕೆ ಚೀಟಿಯನ್ನಷ್ಟೇ ನೋಡಬೇಕು. ಕೇಳಿದ ಸರಕು ಎರಡು ಸುತ್ತು ತಡವಾಗಿ ಬರುತ್ತದೆ. ಗಿರಾಕಿಯಾಗಿ ನೀವು ನಾಲ್ಕು ಸುತ್ತು 10 ಕೇಳಿ, ಮುಂದೆ 12 ಕೇಳುತ್ತಾ ಹೋಗಿರಿ. ದಾಸ್ತಾನು ಮುಗಿದೀತೆಂಬ ಭಯದಿಂದ ಪ್ರತಿಯೊಬ್ಬನೂ ಸ್ವಲ್ಪ ಹೆಚ್ಚಿಸಿಯೇ ಬರೆಯುತ್ತಾನೆ. ಬೆಳೆಗಾರನ ಕೈಗೆ ಬರುವ ಚೀಟಿಯಲ್ಲಿ ಇಪ್ಪತ್ತು ದಾಟಿದ್ದರೂ ಅಚ್ಚರಿಯಿಲ್ಲ. ಹಿಡಿಯನ್ನು ಕೊಂಚ ಅಲುಗಿಸಿದರೂ ತುದಿ ಜೋರಾಗಿ ಬೀಸುವುದರಿಂದ ಇದಕ್ಕೆ ಚಾವಟಿ ಪರಿಣಾಮವೆಂದು ಹೆಸರು.

ಕೊನೆಗೆ, ತಪ್ಪು ಯಾರದೆಂದು ಕೇಳಿರಿ. ಮಕ್ಕಳು ಒಬ್ಬರ ಕಡೆಗೊಬ್ಬರು ಬೆರಳು ತೋರಿಸುತ್ತಾರೆ. ಆಗ ಗಿರಾಕಿಯ ಚೀಟಿಗಳನ್ನು ಗಟ್ಟಿಯಾಗಿ ಓದಿಸಿರಿ: ಹೆಚ್ಚಿದ್ದು ಎರಡೇ. ಬಳಿಕ ಆ ಚೀಟಿಗಳು ನಾಲ್ವರಿಗೂ ಕಾಣುವಂತೆ ಇಟ್ಟು ಆಟವನ್ನು ಮತ್ತೊಮ್ಮೆ ಆಡಿಸಿರಿ.